ಪೊಡಯಾಟ್ರಿ ಕಾಲೇಜಿನಲ್ಲಿ ಗ್ರೇಡ್ ಕೈಕೊಟ್ಟರೆ: ರೆಸಿಡೆನ್ಸಿ ಅರ್ಜಿಗೆ ಮುನ್ನ ಮಾಡಬೇಕಾದ್ದೇನು?

ಪಿಯುಸಿ ಫಲಿತಾಂಶ ಬಂದ ಕೂಡಲೇ ಉತ್ತರ ಪತ್ರಿಕೆಯ ಪ್ರತಿಗೆ ಅರ್ಜಿ ಹಾಕುವುದು, ಅದನ್ನು ಟ್ಯೂಷನ್ ಮೇಷ್ಟರಿಗೆ ತೋರಿಸುವುದು, ನಾಲ್ಕು ಅಂಕ ಹೆಚ್ಚು ಬರುವಂತಿದ್ದರೆ ಮರುಮೌಲ್ಯಮಾಪನಕ್ಕೆ ಹಣ ಕಟ್ಟುವುದು ನಮ್ಮಲ್ಲಿ ರೂಢಿ. ಅಮೆರಿಕದ ಪೊಡಯಾಟ್ರಿ (ಪಾದವೈದ್ಯ) ಕಾಲೇಜು ಸೇರಿದ ಕನ್ನಡದ ಹುಡುಗ ಹುಡುಗಿಯರೂ ಮೊದಲ ಸಲ ‘ಸಿ’ ಗ್ರೇಡ್ ಕಂಡಾಗ ಇದೇ ದಾರಿಯನ್ನು ಹುಡುಕುತ್ತಾರೆ. ಅಲ್ಲಿ ಅದು ಬಹುಮಟ್ಟಿಗೆ ಮುಚ್ಚಿದ ದಾರಿ. ತೆರೆದಿರುವ ದಾರಿಗಳು ಬೇರೆ ಇವೆ. ಆದರೆ ಒಂದೊಂದೂ ಒಂದೊಂದು ಕಾಲಕ್ಕೆ ಮಾತ್ರ ತೆರೆದಿರುತ್ತದೆ.

ಹಿನ್ನೆಲೆ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಪಾದ ಮತ್ತು ಕಣಕಾಲಿನ ಚಿಕಿತ್ಸೆ, ಶಸ್ತ್ರಚಿಕಿತ್ಸೆಗಳಿಗೆ ಅಮೆರಿಕದಲ್ಲಿ ಪ್ರತ್ಯೇಕ ವೈದ್ಯಕೀಯ ಪದವಿ ಇದೆ. ಅದೇ ಡಿಪಿಎಂ (ಡಾಕ್ಟರ್ ಆಫ್ ಪೊಡಯಾಟ್ರಿಕ್ ಮೆಡಿಸಿನ್). ಮೊದಲ ಪದವಿಯ ನಂತರ ನಾಲ್ಕು ವರ್ಷದ ಓದು, ಅದಾದ ಮೇಲೆ ಮೂರು ವರ್ಷದ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತರಬೇತಿ. ದೇಶವಿಡೀ ಇಂಥ ಕಾಲೇಜುಗಳು ಹನ್ನೊಂದೇ: ಫಿಲಡೆಲ್ಫಿಯಾದ ಟೆಂಪಲ್, ಶಿಕಾಗೊ ಬಳಿಯ ಶೋಲ್, ಒಹಾಯೊದ ಕೆಂಟ್ ಸ್ಟೇಟ್, ಅಯೋವಾದ ಡೆ ಮೊಯ್ನ್ ಮುಂತಾದವು. ಹಾಗಾಗಿ ಈ ಲೋಕ ಬಹಳ ಚಿಕ್ಕದು. ನಿಮ್ಮ ಪ್ರಾಧ್ಯಾಪಕರು ಮತ್ತು ನಾಳೆ ನಿಮ್ಮನ್ನು ಸಂದರ್ಶಿಸುವ ರೆಸಿಡೆನ್ಸಿ ನಿರ್ದೇಶಕರು ಒಂದೇ ತರಗತಿಯಲ್ಲಿ ಕುಳಿತು ಓದಿದವರಾಗಿರುವ ಸಾಧ್ಯತೆ ಚೆನ್ನಾಗಿಯೇ ಇದೆ.

ರೆಸಿಡೆನ್ಸಿಗೆ ಆಯ್ಕೆ ಮಾಡುವವರಿಗೆ ಅಭ್ಯರ್ಥಿಯ ಬಗ್ಗೆ ಮುಖ್ಯವಾಗಿ ಎರಡು ಅನುಮಾನಗಳಿರುತ್ತವೆ. ಇವರು ವೈದ್ಯ ಪರವಾನಗಿಗೆ ಬೇಕಾದ ಬೋರ್ಡ್ ಪರೀಕ್ಷೆಗಳನ್ನು ಎಡವದೆ ಪಾಸು ಮಾಡುತ್ತಾರೆಯೇ? ಬೆಳಗಿನ ಐದು ಗಂಟೆಗೆ, ನಿದ್ದೆಗೆಟ್ಟ ಸ್ಥಿತಿಯಲ್ಲಿ, ಮೂರು ವರ್ಷ ಇವರ ಜೊತೆ ಕೆಲಸ ಮಾಡಬಹುದೇ? ಕೆಟ್ಟ ಗ್ರೇಡ್ ಮೊದಲನೆಯ ಅನುಮಾನವನ್ನು ಸ್ವಲ್ಪ ಹೆಚ್ಚಿಸುತ್ತದೆ, ಎರಡನೆಯದನ್ನು ಮುಟ್ಟುವುದೇ ಇಲ್ಲ. ನೀವು ಮಾಡಬೇಕಾದ್ದು ಗ್ರೇಡನ್ನು ಅಳಿಸುವ ಪ್ರಯತ್ನವಲ್ಲ. ಈ ಎರಡೂ ಅನುಮಾನಗಳಿಗೆ ಬೇರೆ ಕಡೆಯಿಂದ ಪುರಾವೆ ಕೂಡಿಸುವುದು. ಮುಂದಿನ ಹಂತಗಳೆಲ್ಲ ಅದಕ್ಕಾಗಿಯೇ.

ಮೊದಲ ವಾರ: ಕೈಪಿಡಿ ಓದಿ, ಇಮೇಲ್ ಬರೆಯಬೇಡಿ

ಗ್ರೇಡ್ ಕಂಡ ರಾತ್ರಿ ಪ್ರಾಧ್ಯಾಪಕರಿಗೆ ಬರೆದ ಇಮೇಲ್ ಚೆನ್ನಾಗಿರುವುದು ಅಪರೂಪ. ಬರೆಯದೆ ಇರಲಾಗದಿದ್ದರೆ ಬರೆದು ಡ್ರಾಫ್ಟ್‌ನಲ್ಲಿ ಇಟ್ಟುಕೊಳ್ಳಿ. ಆ ಹೊತ್ತಿನಲ್ಲಿ ತೆರೆಯಬೇಕಾದ್ದು ಕಾಲೇಜಿನ ವಿದ್ಯಾರ್ಥಿ ಕೈಪಿಡಿಯನ್ನು. ಸೇರಿದ ದಿನ ಸಹಿ ಹಾಕಿ ಮರೆತಿದ್ದ ಆ ಪಿಡಿಎಫ್‌ನಲ್ಲಿ ಈ ಉತ್ತರಗಳನ್ನು ಹುಡುಕಿ.

ನಿಮ್ಮದು ‘ಸಿ’ಯೋ ‘ಎಫ್’ ಆಗಿದೆಯೋ? ಇವೆರಡರ ನಡುವೆ ಅಜಗಜಾಂತರ. ‘ಸಿ’ ಎಂದರೆ ಪಾಸು. ಸಾಮಾನ್ಯವಾಗಿ ಅದನ್ನು ಮತ್ತೆ ಬರೆದು ಸುಧಾರಿಸುವ ಅವಕಾಶವೂ ಇರುವುದಿಲ್ಲ, ಅಗತ್ಯವೂ ಇರುವುದಿಲ್ಲ. ‘ಎಫ್’ ಆದರೆ ರೆಮಿಡಿಯೇಶನ್ ಎಂಬ ಪೂರಕ ಪರೀಕ್ಷೆ ಇದೆಯೇ, ಅಥವಾ ಇಡೀ ಕೋರ್ಸ್ ಪುನಃ ಮಾಡಬೇಕೇ? ಪಾಸಾದರೆ ಗರಿಷ್ಠ ಎಷ್ಟು ಗ್ರೇಡ್ ಕೊಡುತ್ತಾರೆ? ಹಳೆಯ ಗ್ರೇಡ್ ಅಂಕಪಟ್ಟಿಯಲ್ಲಿ ಉಳಿಯುತ್ತದೆಯೇ? ಯಾವ ಜಿಪಿಎಗಿಂತ (ಗ್ರೇಡುಗಳ ಸರಾಸರಿ) ಕೆಳಗಿಳಿದರೆ ಪ್ರೊಬೇಶನ್, ಅಂದರೆ ಎಚ್ಚರಿಕೆಯ ಅವಧಿ? ಹೆಸರು ನೋಂದಾಯಿಸಲು ಕೊನೆಯ ದಿನ ಯಾವುದು? ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ತುರ್ತಿನದು. ಪೂರಕ ಪರೀಕ್ಷೆ ಕೆಲವೆಡೆ ಬೇಸಿಗೆ ರಜೆ ಮುಗಿಯುವುದರೊಳಗೇ ನಡೆದುಹೋಗುತ್ತದೆ. ಊರಿಗೆ ವಿಮಾನದ ಟಿಕೆಟ್ ಮಾಡಿಸುವ ಮುನ್ನ ಈ ದಿನಾಂಕ ನೋಡಿ.

ಗ್ರೇಡ್ ಪ್ರಶ್ನಿಸುವ ಮೇಲ್ಮನವಿ ವ್ಯವಸ್ಥೆಯೂ ಇರುತ್ತದೆ. ಆದರೆ ಅದಕ್ಕೆ ಒಪ್ಪುವ ಕಾರಣಗಳು ಕಡಿಮೆ: ಅಂಕ ಕೂಡಿಸುವಾಗ ಲೆಕ್ಕ ತಪ್ಪಿದ್ದು, ಪಠ್ಯಕ್ರಮದಲ್ಲಿ ಬರೆದುಕೊಟ್ಟ ನಿಯಮ ಬಿಟ್ಟು ಬೇರೆ ರೀತಿ ಮೌಲ್ಯಮಾಪನ ಮಾಡಿದ್ದು, ತಾರತಮ್ಯ. ‘ನಾನು ಬಹಳ ಓದಿದ್ದೆ’ ಎಂಬುದು ಮೇಲ್ಮನವಿಗೆ ಕಾರಣವಾಗದು. 1974ರ ಫೆರ್ಪಾ ಕಾನೂನಿನ ಪ್ರಕಾರ ನಿಮ್ಮ ಶೈಕ್ಷಣಿಕ ದಾಖಲೆಗಳನ್ನು ನೋಡುವ ಹಕ್ಕು ನಿಮಗಿದೆ, ದಾಖಲಾತಿಯ ತಪ್ಪು ತಿದ್ದಿಸಲೂ ಬಹುದು. ಪ್ರಾಧ್ಯಾಪಕರು ನಿಮ್ಮ ಉತ್ತರವನ್ನು ತೂಗಿದ ರೀತಿ ಸರಿಯಲ್ಲ ಎಂದು ಜಗಳವಾಡಲು ಆ ಕಾನೂನು ಬಳಕೆಗೆ ಬರುವುದಿಲ್ಲ.

ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಇರುವವರಿಗೆ ಒಂದು ಎಚ್ಚರಿಕೆ. ಕೋರ್ಸ್ ಕೈಬಿಡುವುದು, ಒಂದು ಸೆಮಿಸ್ಟರ್ ರಜೆ ತೆಗೆದುಕೊಳ್ಳುವುದು, ಕಡಿಮೆ ಕ್ರೆಡಿಟ್‌ಗೆ ಇಳಿಯುವುದು ಇವೆಲ್ಲ ಪೂರ್ಣಾವಧಿ ವಿದ್ಯಾರ್ಥಿ ಎಂಬ ಷರತ್ತನ್ನು ಮುಟ್ಟುತ್ತವೆ. ಡೀನ್ ಸಲಹೆ ಕೊಟ್ಟರು ಎಂದು ಸಹಿ ಹಾಕುವ ಮುನ್ನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಅಧಿಕಾರಿಯನ್ನು ಕಾಣಿ. ಮೊದಲು ಕಂಡರೆ ದಾರಿ ಇರುತ್ತದೆ. ಆಮೇಲೆ ಕಂಡರೆ ಅವರ ಕೈಯಲ್ಲೂ ಹೆಚ್ಚೇನೂ ಉಳಿದಿರುವುದಿಲ್ಲ.

ಪೆನ್ನು ಹಿಡಿದು ಲೆಕ್ಕ ಹಾಕಿ

ಹೊಟ್ಟೆಯಲ್ಲಿ ಕಲಸುವ ಭಯಕ್ಕೆ ಕಾಗದದ ಮೇಲಿನ ಲೆಕ್ಕ ಒಳ್ಳೆಯ ಮದ್ದು. ಒಂದು ಉದಾಹರಣೆ ನೋಡೋಣ. ನೀವು ಇದುವರೆಗೆ 50 ಕ್ರೆಡಿಟ್ ಮುಗಿಸಿದ್ದೀರಿ. ಅದರಲ್ಲಿ 44ಕ್ಕೆ ಸರಾಸರಿ 3.5 ಇದೆ. ಉಳಿದ 6 ಕ್ರೆಡಿಟ್‌ನ ಕೆಳ ಅವಯವ ಅಂಗರಚನಾಶಾಸ್ತ್ರದಲ್ಲಿ ‘ಸಿ’ ಬಂತು, ಅಂದರೆ 2.0. ಮೊದಲ ಭಾಗ 44 × 3.5 = 154, ಎರಡನೆಯದು 6 × 2 = 12. ಒಟ್ಟು 166ನ್ನು 50ರಿಂದ ಭಾಗಿಸಿದರೆ 3.32. ಅದೇ ವಿಷಯದಲ್ಲಿ ‘ಬಿ’ (3.0) ಬಂದಿದ್ದರೆ 3.44 ಆಗುತ್ತಿತ್ತು. ಈಗ ಕಾಣುವ ನಷ್ಟ 0.12.

ಅರ್ಜಿ ಹಾಕುವ ಹೊತ್ತಿಗೆ 150 ಕ್ರೆಡಿಟ್ ಆಗಿರುತ್ತದೆ ಎಂದುಕೊಳ್ಳಿ. ಉಳಿದ 100 ಕ್ರೆಡಿಟ್‌ನಲ್ಲಿ 3.6 ಸರಾಸರಿ ಉಳಿಸಿಕೊಂಡರೆ ಒಟ್ಟು ಜಿಪಿಎ 3.51ರ ಹತ್ತಿರ ನಿಲ್ಲುತ್ತದೆ. ‘ಬಿ’ ಬಂದಿದ್ದರೆ 3.55ರ ಹತ್ತಿರ. ವ್ಯತ್ಯಾಸ 0.04. ಇಷ್ಟಕ್ಕಾಗಿ ಯಾರೂ ನಿಮ್ಮ ಅರ್ಜಿಯನ್ನು ಪಕ್ಕಕ್ಕಿಡುವುದಿಲ್ಲ. ಆದರೆ ‘ಸಿ’ ಬಂದ ಬೇಸರದಲ್ಲಿ ಮುಂದಿನ 100 ಕ್ರೆಡಿಟ್‌ನಲ್ಲಿ 3.2ಕ್ಕೆ ಇಳಿದರೆ ಜಿಪಿಎ 3.24ಕ್ಕೆ ಬಂದು ನಿಲ್ಲುತ್ತದೆ. ಒಂದು ‘ಸಿ’ಗಿಂತ ಅದರ ನಂತರದ ಸೆಮಿಸ್ಟರ್ ಅಪಾಯಕಾರಿ.

ನಿಮ್ಮ ಕಾಲೇಜಿನ ನಿಜವಾದ ಕ್ರೆಡಿಟ್‌ಗಳನ್ನು ಹಾಕಿ ಇದೇ ಲೆಕ್ಕವನ್ನು ಮೂರು ರೀತಿ ಮಾಡಿ: ಚೆನ್ನಾಗಿ ಹೋದರೆ, ಈಗಿನಂತೆಯೇ ಹೋದರೆ, ಇನ್ನೂ ಕುಸಿದರೆ. ಪಕ್ಕದಲ್ಲಿ ಒಂದು ಗೆರೆ ಎಳೆದು, ನೀವು ಬಯಸುವ ರೆಸಿಡೆನ್ಸಿಗಳು ಕೇಳುವ ಕನಿಷ್ಠ ಜಿಪಿಎ ಬರೆಯಿರಿ. ಹಲವು ರೆಸಿಡೆನ್ಸಿ ಕಾರ್ಯಕ್ರಮಗಳು ಎಕ್ಸ್‌ಟರ್ನ್‌ಶಿಪ್‌ಗೋ (ನಾಲ್ಕನೇ ವರ್ಷದಲ್ಲಿ ರೆಸಿಡೆನ್ಸಿ ಆಸ್ಪತ್ರೆಗಳಲ್ಲಿ ಮಾಡುವ ತಿಂಗಳ ಕೆಲಸ) ಸಂದರ್ಶನಕ್ಕೋ ಇಂಥ ಮಿತಿ ಇಟ್ಟುಕೊಂಡಿರುತ್ತವೆ. ಗೆರೆಯ ಯಾವ ಕಡೆ ಇದ್ದೀರಿ ಎಂಬುದರ ಮೇಲೆ ಮುಂದಿನ ಯೋಜನೆ ನಿಲ್ಲುತ್ತದೆ.

ತಪ್ಪಿದ್ದು ಎಲ್ಲಿ?

ಈ ಹಂತಕ್ಕೆ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಿ. ಹೆಚ್ಚಿನವರು ಇದನ್ನು ಹಾರಿಸಿಬಿಡುತ್ತಾರೆ. ‘ಇನ್ನು ಮೇಲೆ ಜಾಸ್ತಿ ಓದುತ್ತೇನೆ’ ಎಂದು ಶಪಥ ಮಾಡಿ, ಅದೇ ಕ್ರಮದಲ್ಲಿ ಎರಡು ಗಂಟೆ ಹೆಚ್ಚು ಓದಿ, ಅದೇ ಗ್ರೇಡ್ ತರುತ್ತಾರೆ.

ಪ್ರಾಧ್ಯಾಪಕರ ಅನುಮತಿ ಪಡೆದು ಪರೀಕ್ಷೆಯ ಪ್ರಶ್ನೆಗಳನ್ನು ಮತ್ತೆ ನೋಡಿ. ಪ್ರಶ್ನೆಪತ್ರಿಕೆ ಮನೆಗೆ ಕೊಡುವುದಿಲ್ಲ. ಅವರ ಕೊಠಡಿಯಲ್ಲೇ ಕುಳಿತು ನೋಡಬೇಕಾದೀತು. ತಪ್ಪಿದ ಪ್ರತಿಯೊಂದು ಪ್ರಶ್ನೆಯ ಎದುರು ಕಾರಣ ಬರೆಯಿರಿ. ಗೊತ್ತೇ ಇರಲಿಲ್ಲವೇ? ಗೊತ್ತಿತ್ತು, ಆದರೆ ಅದರಂಥದೇ ಇನ್ನೊಂದರ ಜೊತೆ ಕಲಸಿಹೋಯಿತೇ? ಪ್ರಶ್ನೆಯನ್ನೇ ತಪ್ಪಾಗಿ ಓದಿದಿರಾ? ಸಮಯ ಸಾಲಲಿಲ್ಲವೇ? ಸರಿ ಉತ್ತರ ಗುರುತಿಸಿ ಕೊನೆಯಲ್ಲಿ ಬದಲಾಯಿಸಿದಿರಾ? ‘ಅಜಾಗರೂಕತೆ’ ಎಂಬ ಪದ ಮಾತ್ರ ಬರೆಯಕೂಡದು. ಅದು ಕಾರಣವನ್ನು ಮುಚ್ಚಿಡುವ ಪದ.

ಅಂಗಾಲಿನ ಸ್ನಾಯುಗಳ ಒಂದು ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಮೀಡಿಯಲ್ ಪ್ಲಾಂಟರ್ ನರಕ್ಕೆ ಪೆಟ್ಟಾಗಿದೆ. ಯಾವ ಸ್ನಾಯು ದುರ್ಬಲವಾಗುತ್ತದೆ? ಸರಿ ಉತ್ತರ ಅಬ್ಡಕ್ಟರ್ ಹ್ಯಾಲ್ಯುಸಿಸ್. ವಿದ್ಯಾರ್ಥಿ ಗುರುತಿಸಿದ್ದು ಅಡಕ್ಟರ್ ಹ್ಯಾಲ್ಯುಸಿಸ್. ಒಂದಕ್ಷರದ ವ್ಯತ್ಯಾಸ, ಕಣ್ತಪ್ಪು ಎಂದು ಬರೆದುಬಿಡಬಹುದು. ಕೆದಕಿದರೆ ಬೇರೆಯೇ ಸಂಗತಿ ಹೊರಬೀಳುತ್ತದೆ. ಆ ವಿದ್ಯಾರ್ಥಿ ಅಂಗಾಲಿನ ನಾಲ್ಕು ಪದರಗಳನ್ನು ಮೊದಲನೆಯದರಿಂದ ಕೊನೆಯದರವರೆಗೆ ಮಗ್ಗಿಯಂತೆ ಬಾಯಿಪಾಠ ಮಾಡಿದ್ದಾನೆ. ಅಬ್ಡಕ್ಟರ್ ಮೊದಲ ಪದರದ್ದು, ಅಡಕ್ಟರ್ ಮೂರನೆಯದರದ್ದು ಎಂದು ಕೇಳಿದರೆ ಥಟ್ಟನೆ ಹೇಳುತ್ತಾನೆ. ಆದರೆ ಅದೇ ಸ್ನಾಯುಗಳನ್ನು ನರದ ಪ್ರಕಾರ ಒಮ್ಮೆಯೂ ವಿಂಗಡಿಸಿ ನೋಡಿಲ್ಲ. ಮೀಡಿಯಲ್ ಪ್ಲಾಂಟರ್ ನರದ ಪಾಲಿಗೆ ಬರುವ ಸ್ನಾಯುಗಳು ನಾಲ್ಕೇ: ಅಬ್ಡಕ್ಟರ್ ಹ್ಯಾಲ್ಯುಸಿಸ್, ಫ್ಲೆಕ್ಸರ್ ಡಿಜಿಟೋರಮ್ ಬ್ರೆವಿಸ್, ಫ್ಲೆಕ್ಸರ್ ಹ್ಯಾಲ್ಯುಸಿಸ್ ಬ್ರೆವಿಸ್, ಮೊದಲನೆಯ ಲಂಬ್ರಿಕಲ್. ಅಂಗಾಲಿನ ಉಳಿದವೆಲ್ಲ ಲ್ಯಾಟರಲ್ ಪ್ಲಾಂಟರ್ ನರದವು. ಪದರದ ಕಡೆಯಿಂದ ಓದಿದ್ದನ್ನು ನರದ ಕಡೆಯಿಂದ ಕೇಳಿದರು, ಅವನು ಬಿದ್ದ. ಅವನಿಗೆ ಬೇಕಾದ್ದು ಇನ್ನೆರಡು ಗಂಟೆಯ ಓದಲ್ಲ. ಖಾಲಿ ಹಾಳೆಯಲ್ಲಿ ನರ, ರಕ್ತನಾಳ, ಪದರ, ಕೆಲಸ ಎಂದು ಬೇರೆ ಬೇರೆ ತಲೆಬರಹ ಹಾಕಿ ಅದೇ ಸ್ನಾಯುಗಳನ್ನು ನೆನಪಿನಿಂದ ತುಂಬುವ ಅಭ್ಯಾಸ.

ಇಂಥ ಇಪ್ಪತ್ತು ಮೂವತ್ತು ತಪ್ಪುಗಳನ್ನು ಬರೆದ ಮೇಲೆ ಒಂದು ಜಾಡು ತಾನಾಗಿ ಕಾಣಿಸುತ್ತದೆ. ಹೆಚ್ಚಿನವು ‘ಕಲಸಿಹೋದ’ ಗುಂಪಿನವಾದರೆ ಓದುವ ಕ್ರಮ ಬದಲಾಗಬೇಕು. ‘ಗೊತ್ತೇ ಇರಲಿಲ್ಲ’ ಹೆಚ್ಚಿದ್ದರೆ ತರಗತಿಗೂ ಓದಿಗೂ ನಡುವೆ ಎಷ್ಟು ದಿನ ಹಿಂದೆ ಬಿದ್ದಿದ್ದೀರಿ ಎಂದು ನೋಡಿ. ಸಮಯ ಸಾಲದ್ದೇ ಹೆಚ್ಚಾದರೆ ಗಡಿಯಾರ ಇಟ್ಟುಕೊಂಡು ಪ್ರಶ್ನೆ ಬಿಡಿಸಿ.

ಪುಸ್ತಕದಾಚೆಗಿನ ಕಾರಣಗಳೂ ಇರುತ್ತವೆ. ಊರಿನಲ್ಲಿ ತಂದೆಯ ಆಸ್ಪತ್ರೆ ವಾಸ, ರಾತ್ರಿಯೆಲ್ಲ ವಿಡಿಯೊ ಕರೆ, ಬೆಳಗ್ಗೆ ಲ್ಯಾಬ್, ತಿಂಗಳುಗಟ್ಟಲೆ ನಿದ್ದೆ ಬಾರದಿರುವುದು, ಖಿನ್ನತೆ, ಚಿಕ್ಕಂದಿನಿಂದ ಇದ್ದೂ ಯಾರೂ ಗುರುತಿಸದ ಗಮನದ ಕೊರತೆ. ಇಂಥವಕ್ಕೆ ವಿದ್ಯಾರ್ಥಿ ಆರೋಗ್ಯ ಕೇಂದ್ರಕ್ಕೆ ಹೋಗುವುದೇ ಓದಿನ ಮೊದಲ ಹಂತ. 1990ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ, ದಾಖಲೆ ಇದ್ದರೆ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ಅನುಕೂಲ ಕೇಳಬಹುದು. ಕಾಲೇಜಿನಲ್ಲಿ ಸಿಕ್ಕ ಅನುಕೂಲ ಬೋರ್ಡ್ ಪರೀಕ್ಷೆಗೆ ತಾನಾಗಿ ಅನ್ವಯಿಸುವುದಿಲ್ಲ, ಅಲ್ಲಿಗೆ ಬೇರೆಯೇ ಅರ್ಜಿ ಹಾಕಬೇಕು. ಅದಕ್ಕೆ ವಾರಗಳು ಹಿಡಿಯುತ್ತವೆ. ನಮ್ಮ ಮನೆಗಳಲ್ಲಿ ‘ಇದೆಲ್ಲ ನೆಪ’ ಎನ್ನುವವರು ಇದ್ದೇ ಇರುತ್ತಾರೆ. ಅವರು ನಿಮ್ಮ ಬದಲು ಪರೀಕ್ಷೆ ಬರೆಯುವುದಿಲ್ಲ.

ಪ್ರಾಧ್ಯಾಪಕರ ಬಳಿ ಹೋಗುವುದು

ತಪ್ಪುಗಳ ಪಟ್ಟಿ ಕೈಯಲ್ಲಿ ಹಿಡಿದೇ ಹೋಗಿ. ‘ನನ್ನ ಗ್ರೇಡ್ ಬಗ್ಗೆ ಏನಾದರೂ ಮಾಡಲು ಸಾಧ್ಯವೇ?’ ಎಂದು ಕೇಳಿದ ಕ್ಷಣ ಅವರು ಬಾಗಿಲು ಮುಚ್ಚಿಕೊಳ್ಳುತ್ತಾರೆ. ಬದಲಿಗೆ ಹೀಗೆ ಕೇಳಿ: ‘ತಪ್ಪಿದ ಪ್ರಶ್ನೆಗಳನ್ನು ವಿಂಗಡಿಸಿದ್ದೇನೆ. ಅರ್ಧಕ್ಕಿಂತ ಹೆಚ್ಚು ನರ ಮತ್ತು ಸ್ನಾಯುಗಳ ಸಂಬಂಧದವು. ಇದನ್ನು ಹೀಗೆ ಸರಿಪಡಿಸಬೇಕೆಂದಿದ್ದೇನೆ. ನಿಮಗೇನನ್ನಿಸುತ್ತದೆ?’ ಅಧ್ಯಾಪಕರಿಗೆ ಇಂಥ ವಿದ್ಯಾರ್ಥಿ ನೆನಪಿನಲ್ಲಿ ಉಳಿಯುತ್ತಾನೆ. ಎರಡು ವರ್ಷದ ನಂತರ ಶಿಫಾರಸು ಪತ್ರ ಬರೆಯುವಾಗ ‘ಎಡವಿದ, ಎದ್ದ’ ಎಂದು ಕಣ್ಣಾರೆ ಕಂಡು ಬರೆಯಬಲ್ಲವರು ಇವರೊಬ್ಬರೇ.

ಅಧ್ಯಾಪಕರ ಎದುರು ತಲೆತಗ್ಗಿಸಿ ನಿಲ್ಲುವ ನಮ್ಮ ಅಭ್ಯಾಸ ಇಲ್ಲಿ ಅಡ್ಡಿ. ಆಫೀಸ್ ಅವರ್ಸ್ ಎಂದು ಹಾಕಿದ ಸಮಯ ನಿಮ್ಮ ಸಲುವಾಗಿಯೇ ಇರುವುದು. ಅಲ್ಲಿಗೆ ಹೋದರೆ ತೊಂದರೆ ಕೊಟ್ಟಂತಾಗುವುದಿಲ್ಲ.

ಓದುವ ಕ್ರಮ ಬದಲಾಯಿಸಿ

ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಒಂದೇ ಪಾಠವನ್ನು ಕೆಲವರು ಮತ್ತೆ ಮತ್ತೆ ಓದಿದರು, ಇನ್ನು ಕೆಲವರು ಒಮ್ಮೆ ಓದಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದು. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಮುಂದು. ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲವೂ ಬರುತ್ತದೆ ಎನಿಸಿ, ಪರೀಕ್ಷೆಯ ಹೊತ್ತಿಗೆ ಜಾರಿಹೋಗುವ ಗುಟ್ಟು ಇದೇ. ಸ್ಲೈಡ್‌ಗಳಿಗೆ ಹಳದಿ ಬಣ್ಣ ಬಳಿಯುವುದು ಕೈಗೆ ಕೆಲಸ, ತಲೆಗೆ ವಿಶ್ರಾಂತಿ.

ಹಾಗಾಗಿ ಓದುವ ಸಮಯದ ಅರ್ಧಕ್ಕಿಂತ ಹೆಚ್ಚು ಪಾಲು ಪುಸ್ತಕ ಮುಚ್ಚಿಯೇ ಇರಲಿ. ಉಪನ್ಯಾಸ ಕೇಳಿದ ದಿನ ಸಂಜೆ ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟು ಬರೆಯಿರಿ, ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಿ. ಅದನ್ನೇ ಎರಡು ದಿನ ಬಿಟ್ಟು, ವಾರ ಬಿಟ್ಟು, ಮೂರು ವಾರ ಬಿಟ್ಟು ಮತ್ತೆ ಮಾಡಿ. ಆ್ಯಂಕಿಯಂಥ ಪ್ರಶ್ನೋತ್ತರ ಕಾರ್ಡುಗಳ ಆ್ಯಪ್ ಈ ಅಂತರವನ್ನು ತಾನೇ ನೋಡಿಕೊಳ್ಳುತ್ತದೆ. ಆದರೆ ಸೀನಿಯರ್‌ಗಳು ಕೊಟ್ಟ ಸಾವಿರಾರು ಕಾರ್ಡ್‌ಗಳನ್ನು ಹಾಗೆಯೇ ಇಳಿಸಿಕೊಂಡು ಅದರಡಿ ಹೂತುಹೋಗಬೇಡಿ; ನಿಮ್ಮ ತಪ್ಪುಗಳ ಪಟ್ಟಿಯಿಂದ ನೀವೇ ಮಾಡಿಕೊಂಡ ಮುನ್ನೂರು ಕಾರ್ಡ್ ಅವಕ್ಕಿಂತ ಬೆಲೆಯುಳ್ಳವು. ಅಂಗರಚನೆಗೆ ಮಾತ್ರ ಆ್ಯಪ್ ಸಾಲದು. ಲ್ಯಾಬ್‌ಗೆ ಹೋಗಿ, ಮೃತದೇಹದ ಮುಂದೆ ನಿಂತು, ಸ್ನೇಹಿತನಿಗೆ ಬೆರಳು ಮಾಡಿ ತೋರಿಸುತ್ತ ಗಟ್ಟಿಯಾಗಿ ಹೇಳಬೇಕು.

ಬೋರ್ಡ್ ಪರೀಕ್ಷೆಯ ಮೊದಲ ಭಾಗ

ಎರಡನೇ ವರ್ಷ ಮುಗಿದ ಬೇಸಿಗೆಯಲ್ಲಿ ಎಪಿಎಂಎಲ್‌ಇ ಮೊದಲ ಭಾಗ ಬರುತ್ತದೆ. ಕೆಟ್ಟ ಗ್ರೇಡ್ ಹುಟ್ಟಿಸಿದ ಮೊದಲ ಅನುಮಾನಕ್ಕೆ ಇದಕ್ಕಿಂತ ದೊಡ್ಡ ಉತ್ತರವಿಲ್ಲ. ಮೊದಲ ಪ್ರಯತ್ನದಲ್ಲೇ ಪಾಸಾದರೆ ಹಳೆಯ ‘ಸಿ’ಯ ತೂಕ ಅರ್ಧ ಇಳಿಯುತ್ತದೆ. ‘ಸಿ’ಯ ಮೇಲೆ ಇದರಲ್ಲೂ ಫೇಲಾದರೆ ಗಾಯದ ಮೇಲೆ ಬರೆ, ಅನೇಕ ಕಾಲೇಜುಗಳಲ್ಲಿ ಇದು ಪಾಸಾಗುವವರೆಗೆ ಮುಂದಿನ ಕ್ಲಿನಿಕಲ್ ತಿಂಗಳುಗಳೇ ತಡವಾಗುತ್ತವೆ.

ಇದು ರ‍್ಯಾಂಕ್ ಪರೀಕ್ಷೆಯಲ್ಲ, ಪಾಸು ಫೇಲಿನ ಪರೀಕ್ಷೆ. ಪಾಸಿನ ಗೆರೆ 75 ಎಂಬ ಸ್ಕೇಲ್ಡ್ ಅಂಕ. ಅದನ್ನು ನೂರಕ್ಕೆ ಎಪ್ಪತ್ತೈದು ಎಂದು ತಿಳಿಯಬಾರದು. ಸಿಇಟಿ ರ‍್ಯಾಂಕಿನ ಲೆಕ್ಕದಲ್ಲಿ ಬೆಳೆದವರು ಇಲ್ಲೂ ಎಲ್ಲರನ್ನೂ ಮೀರಿಸಬೇಕೆಂದು ಹೊರಟು ಇಷ್ಟದ ವಿಷಯವನ್ನೇ ಆಳಕ್ಕೆ ಅಗೆಯುತ್ತಾರೆ. ಪರೀಕ್ಷೆ ಕೇಳುವುದು ಅಗಲವನ್ನು: ಸಾಮಾನ್ಯ ಅಂಗರಚನೆ, ಕೆಳ ಅವಯವದ ಅಂಗರಚನೆ, ಜೀವರಸಾಯನ, ಶರೀರಕ್ರಿಯೆ, ಸೂಕ್ಷ್ಮಜೀವಿ ಮತ್ತು ರೋಗನಿರೋಧ, ರೋಗಶಾಸ್ತ್ರ, ಔಷಧಶಾಸ್ತ್ರ. ಇವುಗಳಲ್ಲಿ ಕೆಳ ಅವಯವದ ಅಂಗರಚನೆಯ ಪಾಲು ದೊಡ್ಡದು. ನಿಮಗೆ ‘ಸಿ’ ಬಂದದ್ದು ಅದರಲ್ಲೇ ಆದರೆ, ಪೂರಕ ಪರೀಕ್ಷೆ ಇರಲಿ ಬಿಡಲಿ, ಆ ವಿಷಯವನ್ನು ಎರಡನೇ ವರ್ಷವಿಡೀ ವಾರಕ್ಕೊಂದು ಸಂಜೆಯಂತೆ ಮತ್ತೆ ಓದಿ. ಬೇಸಿಗೆಯ ಆರು ವಾರಕ್ಕೆ ಎಲ್ಲವನ್ನೂ ಉಳಿಸಿಕೊಳ್ಳುವುದು ಮೊದಲೇ ಸಡಿಲವಿದ್ದ ವಿಷಯಕ್ಕೆ ಸಾಲುವುದಿಲ್ಲ.

ಎಕ್ಸ್‌ಟರ್ನ್‌ಶಿಪ್: ಎರಡನೆಯ ಅನುಮಾನಕ್ಕೆ ಉತ್ತರ ಸಿಗುವ ಜಾಗ

ನಾಲ್ಕನೇ ವರ್ಷದಲ್ಲಿ ಬೇರೆ ಬೇರೆ ಆಸ್ಪತ್ರೆಗಳ ರೆಸಿಡೆನ್ಸಿಗಳಲ್ಲಿ ತಿಂಗಳಿಗೊಂದರಂತೆ ಕೆಲಸ ಮಾಡುತ್ತೀರಿ. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಕ್ರಿಯೆಯ ನಿಜವಾದ ಸಂದರ್ಶನ ಇದೇ. ಜನವರಿಯಲ್ಲಿ ಕೊಠಡಿಯೊಳಗೆ ನಡೆಯುವ ಸಂದರ್ಶನ ಅದರ ಬಾಲ. ಮೂವತ್ತು ದಿನ ನಿಮ್ಮನ್ನು ಹತ್ತಿರದಿಂದ ಕಂಡವರಿಗೆ ನಿಮ್ಮ ಮೊದಲ ವರ್ಷದ ಬಯೋಕೆಮಿಸ್ಟ್ರಿ ಗ್ರೇಡ್ ನೆನಪಿಗೆ ಬರುವುದು ಅಪರೂಪ.

ಆದ್ದರಿಂದ ಸ್ಥಳಗಳ ಆಯ್ಕೆಯಲ್ಲಿ ಬುದ್ಧಿ ಓಡಿಸಿ. ಜಿಪಿಎ ಮಿತಿಗಿಂತ ಕೆಳಗಿದ್ದೀರೆಂದು ಗೊತ್ತಿದ್ದೂ ಹೆಸರುವಾಸಿ ಕಾರ್ಯಕ್ರಮಗಳಿಗೇ ತಿಂಗಳುಗಳನ್ನೆಲ್ಲ ಕೊಡಬೇಡಿ. ಅಂಥದ್ದು ಒಂದಿರಲಿ. ಉಳಿದವು, ಮಿತಿಯನ್ನು ಕಟ್ಟುನಿಟ್ಟಾಗಿ ಹಿಡಿಯದೆ ಎಕ್ಸ್‌ಟರ್ನ್‌ಗಳ ಕೆಲಸ ನೋಡಿ ಆಯ್ಕೆ ಮಾಡುವ ಕಾರ್ಯಕ್ರಮಗಳಾಗಿರಲಿ. ಯಾವುವು ಹಾಗೆ ಎಂಬುದು ನಿಮ್ಮ ಕಾಲೇಜಿನಿಂದ ಹಿಂದಿನ ವರ್ಷ ಹೋದವರಿಗೆ ಗೊತ್ತಿರುತ್ತದೆ, ಕೇಳಿ. ತೀರಾ ಬೇಕಾದ ಕಾರ್ಯಕ್ರಮವನ್ನು ಮೊದಲ ತಿಂಗಳಿಗೆ ಇಟ್ಟುಕೊಳ್ಳಬೇಡಿ. ಆಪರೇಷನ್ ಥಿಯೇಟರಿನಲ್ಲಿ ಎಲ್ಲಿ ನಿಲ್ಲಬೇಕು ಎಂದು ಕಲಿಯುವ ಎಡವಟ್ಟುಗಳು ಬೇರೆ ಕಡೆ ಮುಗಿದಿರಲಿ.

ಹೋದ ಮೇಲೆ ಮಾಡಬೇಕಾದ ಕೆಲಸ ತೀರಾ ಸಾಮಾನ್ಯ. ರೆಸಿಡೆಂಟ್ ಬರುವ ಮುನ್ನ ವಾರ್ಡಿನಲ್ಲಿರಿ. ರಾತ್ರಿ ಯಾರಿಗೆ ಜ್ವರ ಬಂತು, ಬಿಳಿ ರಕ್ತಕಣ ಎಷ್ಟಾಯಿತು, ಕಲ್ಚರ್ ವರದಿ ಬಂತೇ ಎಂಬುದನ್ನು ನೋಡಿಟ್ಟುಕೊಳ್ಳಿ. ಬಿಳಿ ಕೋಟಿನ ಜೇಬಿನಲ್ಲಿ ಗಾಜ್, ಟೇಪ್, ಬ್ಯಾಂಡೇಜ್ ಕತ್ತರಿ ಸದಾ ಇರಲಿ. ಡ್ರೆಸ್ಸಿಂಗ್ ಬಿಚ್ಚಿದ ಮೇಲೆ ಸಾಮಾನಿಗಾಗಿ ಓಡಾಡದ ಎಕ್ಸ್‌ಟರ್ನ್ ಎಂದರೆ ರೆಸಿಡೆಂಟ್‌ಗಳಿಗೆ ಪ್ರೀತಿ. ಸಂಜೆಯೇ ಮರುದಿನದ ಶಸ್ತ್ರಚಿಕಿತ್ಸೆಗಳ ಪಟ್ಟಿ ಕೇಳಿ ಪಡೆಯಿರಿ. ಅದರಲ್ಲಿ ಹೆಬ್ಬೆರಳ ಬುಡದ ಬನಿಯನ್ ಸರಿಪಡಿಸುವ ಲ್ಯಾಪಿಡಸ್ ಇದೆ ಎನ್ನಿ. ಯಾವ ಕೀಲನ್ನು ಬೆಸೆಯುತ್ತಾರೆ (ಮೊದಲ ಮೆಟಟಾರ್ಸಲ್ ಮತ್ತು ಮೀಡಿಯಲ್ ಕ್ಯೂನಿಫಾರ್ಮ್ ನಡುವಿನದು), ಈ ರೋಗಿಗೆ ಬೇರೆ ವಿಧಾನ ಬಿಟ್ಟು ಇದೇ ಏಕೆ, ಎಕ್ಸ್‌ರೇಯಲ್ಲಿ ಕೋನ ಎಷ್ಟಿದೆ, ಯಾವ ನರ ದಾರಿಯಲ್ಲಿ ಸಿಗುತ್ತದೆ, ಮೂಳೆ ಕೂಡದಿದ್ದರೆ ಏನು ಮಾಡುತ್ತಾರೆ? ಇಷ್ಟನ್ನು ಓದಿಕೊಂಡು ಹೋದರೆ ಮೇಜಿನ ಪಕ್ಕ ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಮುಗಿದಂತೆ.

ಗೊತ್ತಿಲ್ಲದ್ದನ್ನು ಕೇಳಿದರೆ ಗೊತ್ತಿಲ್ಲ ಎನ್ನಿ. ಮರುದಿನ ಬೆಳಗ್ಗೆ ಅವರಾಗಿ ಕೇಳುವ ಮುನ್ನವೇ ಉತ್ತರ ಒಪ್ಪಿಸಿ. ಊಹಿಸಿ ಗಟ್ಟಿಯಾಗಿ ಹೇಳುವ ವಿದ್ಯಾರ್ಥಿಯನ್ನು ಶಸ್ತ್ರಚಿಕಿತ್ಸಕರು ನಂಬುವುದಿಲ್ಲ, ಅದು ನ್ಯಾಯವೂ ಹೌದು. ಇನ್ನೊಂದು: ಜೊತೆಗಿರುವ ಎಕ್ಸ್‌ಟರ್ನ್‌ನನ್ನು ತುಳಿದು ಮೇಲೆ ಬರಲು ನೋಡಬೇಡಿ. ಅವನಿಗೆ ಕೇಳಿದ ಪ್ರಶ್ನೆಗೆ ನೀವು ಬಾಯಿ ಹಾಕಿದ್ದನ್ನು ಎಲ್ಲರೂ ಗಮನಿಸಿರುತ್ತಾರೆ.

ಕಾಗದಪತ್ರಗಳು

ರೆಸಿಡೆನ್ಸಿ ಅರ್ಜಿ ಕ್ಯಾಸ್ಪರ್ ಎಂಬ ಕೇಂದ್ರೀಕೃತ ವ್ಯವಸ್ಥೆಯ ಮೂಲಕ ಹೋಗುತ್ತದೆ. ಅಂಕಪಟ್ಟಿಯನ್ನು ಕಾಲೇಜೇ ಕಳಿಸುವುದರಿಂದ ಗ್ರೇಡ್ ಬಚ್ಚಿಡುವ ಮಾತೇ ಇಲ್ಲ. ಕಳಿಸುವ ಮುನ್ನ ನೀವೊಮ್ಮೆ ನೋಡಿ. ಪೂರಕ ಪರೀಕ್ಷೆ ಪಾಸಾದದ್ದು ಸರಿಯಾಗಿ ದಾಖಲಾಗಿದೆಯೇ, ಕ್ರೆಡಿಟ್ ಲೆಕ್ಕ ತಾಳೆಯಾಗುತ್ತದೆಯೇ ಎಂದು.

ವೈಯಕ್ತಿಕ ಹೇಳಿಕೆಯಲ್ಲಿ ಗ್ರೇಡ್ ಬಗ್ಗೆ ಬರೆಯಬೇಕೇ? ಒಂದೇ ಒಂದು ‘ಸಿ’ ಇದ್ದರೆ ಬೇಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಗುತ್ತದೆ; ಓದುವವರು ಗಮನಿಸದಿದ್ದುದನ್ನು ನೀವೇ ತೋರಿಸಿಕೊಟ್ಟಂತೆ. ‘ಎಫ್’ ಇದ್ದರೆ, ವರ್ಷ ಮರುಕಳಿಸಿದ್ದರೆ, ರಜೆ ಪಡೆದಿದ್ದರೆ, ಬೋರ್ಡ್ ಎರಡನೇ ಸಲ ಬರೆದಿದ್ದರೆ ಮಾತ್ರ ಬರೆಯಿರಿ. ಅದೂ ಮೂರು ವಾಕ್ಯ ಮೀರದಂತೆ, ಹೇಳಿಕೆಯ ನಡುವೆ, ಮೊದಲಲ್ಲೂ ಕೊನೆಯಲ್ಲೂ ಅಲ್ಲ. ಏನಾಯಿತು, ಏನು ಬದಲಾಯಿಸಿದಿರಿ, ಆಮೇಲೆ ಏನು ಬಂತು. ಅಷ್ಟೇ.

ಶಿಫಾರಸು ಪತ್ರಕ್ಕೆ ದೊಡ್ಡ ಹೆಸರಿನ ಹಿಂದೆ ಹೋಗುವುದಕ್ಕಿಂತ ನಿಮ್ಮ ಕೈಕೆಲಸ ನೋಡಿದವರನ್ನು ಕೇಳಿ. ‘ನನ್ನ ಬಗ್ಗೆ ಬಲವಾದ ಪತ್ರ ಬರೆಯಲು ನಿಮಗೆ ಸಾಧ್ಯವೇ?’ ಎಂದೇ ಕೇಳಿ. ಉತ್ತರದಲ್ಲಿ ಹಿಂಜರಿಕೆ ಕಂಡರೆ ಧನ್ಯವಾದ ಹೇಳಿ ಬೇರೆಯವರ ಬಳಿ ಹೋಗಿ.

ಜನವರಿಯ ಸಂದರ್ಶನ

ಕ್ರಿಪ್ ಎನ್ನುವ ಸಾಮೂಹಿಕ ಸಂದರ್ಶನ ಜನವರಿಯಲ್ಲಿ ನಡೆಯುತ್ತದೆ. ದೇಶದ ಬಹುಪಾಲು ರೆಸಿಡೆನ್ಸಿಗಳು ಹೋಟೆಲಿನ ಕೊಠಡಿಗಳಲ್ಲಿ ಸಾಲಾಗಿ ಕುಳಿತಿರುತ್ತವೆ, ಸೂಟು ತೊಟ್ಟ ವಿದ್ಯಾರ್ಥಿಗಳು ಗಡಿಯಾರ ನೋಡುತ್ತ ಒಂದರಿಂದ ಇನ್ನೊಂದಕ್ಕೆ ಓಡುತ್ತಿರುತ್ತಾರೆ. ಬೇರೆ ವೈದ್ಯಕೀಯ ವಿಭಾಗಗಳಿಗಿಂತ ಇಲ್ಲಿ ಶೈಕ್ಷಣಿಕ ಪ್ರಶ್ನೆಗಳು ಹೆಚ್ಚು. ಎಕ್ಸ್‌ರೇ ಒಂದನ್ನು ಎದುರಿಗಿಟ್ಟು ಓದು ಎನ್ನುತ್ತಾರೆ. ಎರಡನೇ ಮೆಟಟಾರ್ಸಲ್ ಬುಡದ ಬಳಿ ಸಣ್ಣ ಮೂಳೆ ಚೂರು ಕಂಡರೆ ಲಿಸ್‌ಫ್ರಾಂಕ್ ಗಾಯ (ಪಾದದ ನಡುಭಾಗದ ಕೀಲುಗಳ ಪೆಟ್ಟು) ನೆನಪಾಗಬೇಕು. ಮಧುಮೇಹಿಯೊಬ್ಬರ ಕೆಂಪಗೆ ಊದಿದ ಪಾದದ ಕಥೆ ಹೇಳಿ, ಸೋಂಕೋ ಶಾರ್ಕೋವೋ (ನರಹಾನಿಯಿಂದ ಪಾದದ ಮೂಳೆ, ಕೀಲು ಕುಸಿಯುವ ಸ್ಥಿತಿ) ಹೇಗೆ ಬೇರ್ಪಡಿಸುತ್ತೀಯ ಎಂದು ಕೇಳುತ್ತಾರೆ. ಕಡಿಮೆ ಜಿಪಿಎ ಇದ್ದವರಿಗೆ ಇದು ವರ. ಅಲ್ಲೇ, ಅವರ ಕಣ್ಣೆದುರಿಗೇ, ಮೊದಲ ಅನುಮಾನವನ್ನು ಅಳಿಸಬಹುದು. ಅಕ್ಟೋಬರಿನಿಂದಲೇ ಗೆಳೆಯರೊಡನೆ ವಾರಕ್ಕೆರಡು ಸಲ ಬಾಯಿಬಿಟ್ಟು ಕೇಸ್ ಹೇಳುವ ಅಭ್ಯಾಸ ಮಾಡಿ: ಇತಿಹಾಸ, ಪರೀಕ್ಷೆ, ರಕ್ತಪರಿಚಲನೆ, ಚಿತ್ರಗಳು, ರೋಗನಿರ್ಣಯ, ಚಿಕಿತ್ಸೆ, ತಪ್ಪಿದರೆ ಮುಂದೇನು. ಮನಸ್ಸಿನಲ್ಲಿ ಗೊತ್ತಿರುವುದು ಬಾಯಿಗೆ ಬರುವುದು ಅಭ್ಯಾಸದಿಂದಷ್ಟೇ.

ಗ್ರೇಡಿನ ಪ್ರಶ್ನೆ ಬಂದೇ ಬಂದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಬೇಡಿ. ಅಧ್ಯಾಪಕರನ್ನು ದೂರಬೇಡಿ, ಚಿಕ್ಕ ಲೋಕ ಎಂದೆನಲ್ಲ, ಆ ಅಧ್ಯಾಪಕರು ಇವರ ಸ್ನೇಹಿತರಿದ್ದಾರು. ಹೀಗೆ ಹೇಳಿದರೆ ಸಾಕು: ‘ಮೊದಲ ವರ್ಷ ಅಂಗರಚನೆಯಲ್ಲಿ ಸಿ ಬಂತು. ಪಟ್ಟಿಗಳನ್ನು ಬಾಯಿಪಾಠ ಮಾಡುತ್ತಿದ್ದೆ, ಸಂಬಂಧಗಳನ್ನು ಕಲಿಯುತ್ತಿರಲಿಲ್ಲ. ಓದುವ ಕ್ರಮ ಬದಲಾಯಿಸಿದೆ, ಬೋರ್ಡ್ ಮೊದಲ ಸಲಕ್ಕೇ ಪಾಸಾಯಿತು. ಈ ವರ್ಷ ಪ್ರತಿ ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಅದೇ ಕ್ರಮದಲ್ಲಿ ಓದಿಕೊಂಡು ಹೋಗುತ್ತಿದ್ದೇನೆ.’ ಹೇಳಿ, ನಿಲ್ಲಿಸಿ. ಮೌನ ಬಂದರೆ ಅದನ್ನು ತುಂಬಲು ಹೋಗಬೇಡಿ. ಮುಂದಿನ ಪ್ರಶ್ನೆ ಅವರೇ ಕೇಳುತ್ತಾರೆ. ಮೂರನೇ ವಾಕ್ಯದಲ್ಲಿ ಹೇಳಿದ್ದು ನಿಜವಾಗಿರಬೇಕು ಎಂಬುದಕ್ಕಾಗಿಯೇ ಹಿಂದಿನ ಹಂತಗಳೆಲ್ಲ.

ಮನೆಯವರಿಗೆ ಏನು ಹೇಳುವುದು?

ಅಮ್ಮ ಫೋನಿನಲ್ಲಿ ಕೇಳುವುದು ‘ಪಾಸಾಯ್ತಾ?’ ಎಂದು. ‘ಸಿ’ ಎಂದರೆ ಪಾಸು. ಹೌದು ಎನ್ನುವುದು ಸುಳ್ಳಲ್ಲ. ಆದರೆ ವರ್ಷ ಮರುಕಳಿಸುವಂತಾಗಿದ್ದರೆ, ಸಾಲಕ್ಕೆ ಸಹಿ ಹಾಕಿದವರಿಗೆ ಶುಲ್ಕದ ಬಿಲ್ಲು ಬರುವ ಮೊದಲು ನಿಮ್ಮ ಬಾಯಿಂದಲೇ ತಿಳಿಯಲಿ. ಅಂಕದ ಜೊತೆಗೆ ಯೋಜನೆಯನ್ನೂ ಹೇಳಿ. ದಿನವೂ ಕೇಳುವ ಚಿಕ್ಕಪ್ಪಂದಿರಿಗೆ ಲೆಕ್ಕ ಒಪ್ಪಿಸುವ ಅಗತ್ಯವಿಲ್ಲ.

ರ‍್ಯಾಂಕ್ ಪಟ್ಟಿ, ಮತ್ತು ಮ್ಯಾಚ್ ಆಗದಿದ್ದರೆ

2013ರ ಆಸುಪಾಸಿನಲ್ಲಿ ಪದವೀಧರರಿಗಿಂತ ರೆಸಿಡೆನ್ಸಿ ಸೀಟುಗಳು ಕಡಿಮೆಯಿದ್ದವು. ಡಿಪಿಎಂ ಕೈಯಲ್ಲಿ ಹಿಡಿದು ಸೀಟಿಲ್ಲದೆ ಉಳಿದವರು ಅನೇಕರು. ಆ ಕಾಲದವರು ಹೇಳುವ ಭಯದ ಕಥೆಗಳು ಇಂದಿಗೂ ಚಾಲ್ತಿಯಲ್ಲಿವೆ. ಆ ಬಳಿಕ ಸೀಟುಗಳು ಹೆಚ್ಚಿದವು, ಪರಿಸ್ಥಿತಿ ತಿರುವುಮುರುವಾಯಿತು. ಇಂದು ಪ್ರಶ್ನೆ ಸೀಟು ಸಿಗುತ್ತದೆಯೇ ಎಂಬುದಕ್ಕಿಂತ ಯಾವ ಸೀಟು ಎಂಬುದೇ.

ವಿದ್ಯಾರ್ಥಿಗಳು ಕಾರ್ಯಕ್ರಮಗಳನ್ನೂ ಕಾರ್ಯಕ್ರಮಗಳು ವಿದ್ಯಾರ್ಥಿಗಳನ್ನೂ ಇಷ್ಟದ ಕ್ರಮದಲ್ಲಿ ಬರೆದುಕೊಟ್ಟ ಪಟ್ಟಿಗಳನ್ನು ಹೊಂದಿಸಿ ಸೀಟು ಹಂಚುವುದೇ ಮ್ಯಾಚ್. ಫೆಬ್ರವರಿಯಲ್ಲಿ ಪಟ್ಟಿ ಸಲ್ಲಿಸುವಾಗ ನಿಜವಾಗಿ ಬಯಸುವ ಕ್ರಮದಲ್ಲೇ ಬರೆಯಿರಿ. ‘ನನ್ನ ಜಿಪಿಎಗೆ ಅದು ಸಿಗದು, ಸಿಗುವಂಥದ್ದನ್ನೇ ಮೇಲಿಡೋಣ’ ಎಂಬ ಜಾಣತನ ಇಲ್ಲಿ ನಷ್ಟದ ಬಾಬತ್ತು. ಮೇಲಿಟ್ಟ ಕಾರ್ಯಕ್ರಮ ಸಿಗದಿದ್ದರೆ ಕೆಳಗಿನದರಲ್ಲಿ ನಿಮ್ಮ ಅವಕಾಶ ಕಡಿಮೆಯಾಗದಂತೆಯೇ ಈ ಹೊಂದಾಣಿಕೆಯ ಗಣಿತ ರಚಿತವಾಗಿದೆ; ಈ ಬಗೆಯ ಹೊಂದಾಣಿಕೆಗಳ ಮೇಲಿನ ಕೆಲಸಕ್ಕಾಗಿಯೇ ಆಲ್ವಿನ್ ರಾತ್ ಮತ್ತು ಲಾಯ್ಡ್ ಶಾಪ್ಲಿ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದದ್ದು. ಮೂರು ವರ್ಷ ಕಳೆಯಲು ಸುತರಾಂ ಒಲ್ಲದ ಜಾಗವನ್ನು ಮಾತ್ರ ಪಟ್ಟಿಯಲ್ಲಿ ಸೇರಿಸಬೇಡಿ, ಏಕೆಂದರೆ ಮ್ಯಾಚ್ ಆದರೆ ಹೋಗಲೇಬೇಕು.

ಮಾರ್ಚಿನಲ್ಲಿ ಫಲಿತಾಂಶ. ಮ್ಯಾಚ್ ಆಗದವರಿಗೆ ಉಳಿದ ಸೀಟುಗಳಿಗಾಗಿ ಸ್ಕ್ರ್ಯಾಂಬಲ್ ಇರುತ್ತದೆ, ಅದು ಗಂಟೆಗಳ ಲೆಕ್ಕದಲ್ಲಿ ಮುಗಿಯುತ್ತದೆ. ಆ ದಿನಕ್ಕೆ ಮುನ್ನವೇ ಅಂಕಪಟ್ಟಿ, ಬೋರ್ಡ್ ಫಲಿತಾಂಶ, ಪತ್ರಗಳು, ಬಯೋಡೇಟಾ ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ನಿಮ್ಮ ಪರವಾಗಿ ಫೋನ್ ಮಾಡಲು ಒಪ್ಪುವ ಇಬ್ಬರು ಅಧ್ಯಾಪಕರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ, ಅವರು ಆ ದಿನ ಊರಿನಲ್ಲಿರುತ್ತಾರೆಯೇ ಎಂದೂ ವಿಚಾರಿಸಿ. ಮ್ಯಾಚ್ ಆದರೆ ಅವರಿಬ್ಬರಿಗೂ ಅದೇ ಸಂಜೆ ತಿಳಿಸಿ.